ಸೆರೆ ಸಿಕ್ಕವರು ಕಲಿಸಿದ ಪಾಠ: ರೋಮ್ ಮತ್ತು ಗ್ರೀಕರ ಕಥೆ

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೋಮ್ ಇತಿಹಾಸ ಸ್ವಲ್ಪ ಓದಿದವರಿಗೂ ಒಂದು ಸಾಲು ಗೊತ್ತಿರುತ್ತದೆ. ಸೆರೆ ಸಿಕ್ಕ ಗ್ರೀಸ್, ತನ್ನನ್ನು ಗೆದ್ದ ಒರಟನನ್ನೇ ಸೆರೆ ಹಿಡಿಯಿತು. ಹಳ್ಳಿಗಾಡಿನ ಲ್ಯಾಟಿಯಮ್‌ಗೆ, ಅಂದರೆ ರೋಮ್ ಇರುವ ಸೀಮೆಗೆ, ಕಲೆಗಳನ್ನು ತಂದುಕೊಟ್ಟಿತು. ಇದನ್ನು ಬರೆದವನು ಕವಿ ಹೊರೇಸ್. ಅಗಸ್ಟಸ್ ಚಕ್ರವರ್ತಿಗೆ ಬರೆದ ಪದ್ಯರೂಪದ ಪತ್ರದಲ್ಲಿ ಈ ಮಾತು ಬರುತ್ತದೆ. ರೋಮನ್ನರು ಗ್ರೀಕರಿಂದ ಕಲಿತದ್ದನ್ನು ಹೇಳಬೇಕಾದಾಗ ಎರಡು ಸಾವಿರ ವರ್ಷಗಳಿಂದ ಎಲ್ಲರೂ ಇದನ್ನೇ ಹೇಳುತ್ತಾ ಬಂದಿದ್ದಾರೆ.

ಸಾಲು ಚೆನ್ನಾಗಿದೆ. ಆದರೆ ಅದು ಒಂದು ವಿಷಯವನ್ನು ಮುಚ್ಚಿಡುತ್ತದೆ. ಸೆರೆ ಸಿಕ್ಕಿದ್ದು ‘ಗ್ರೀಸ್’ ಅನ್ನುವ ದೇಶ ಅಲ್ಲ, ಮನುಷ್ಯರು. ಕೈಗೆ ಹಗ್ಗ ಬಿಗಿಸಿಕೊಂಡವರು, ಸಂತೆಯಲ್ಲಿ ಮಾರಾಟವಾದವರು, ಒತ್ತೆಯಾಳಾಗಿ ಹಡಗು ಹತ್ತಿದವರು. ರೋಮ್‌ಗೆ ನಾಟಕ ಕಲಿಸಿದವರು, ಇತಿಹಾಸ ಬರೆಯುವುದನ್ನು ಕಲಿಸಿದವರು, ಅಲ್ಲಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಬಹಳಷ್ಟು ಇಂಥವರೇ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಇವರ ಬಗ್ಗೆ.

ಹೊರೇಸನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವನ ಅಪ್ಪನೇ ಒಂದು ಕಾಲಕ್ಕೆ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಅದೇ ಪತ್ರದಲ್ಲಿ ಹೊರೇಸ್ ತನ್ನ ಶಾಲೆಯ ದಿನಗಳನ್ನೂ ನೆನೆಯುತ್ತಾನೆ. ಒರ್ಬಿಲಿಯಸ್ ಅಂತ ಒಬ್ಬ ಮೇಷ್ಟ್ರು, ಬಲು ಹೊಡೆಯುವವನು, ಹಳೆಯ ಕವಿಯೊಬ್ಬನ ಪದ್ಯಗಳನ್ನು ಹೇಳಿ ಬರೆಸುತ್ತಿದ್ದನಂತೆ. ಆ ಕವಿ ಲಿವಿಯಸ್ ಆಂಡ್ರೊನಿಕಸ್. ಅವನೂ ಗುಲಾಮನಾಗಿ ಬಂದ ಗ್ರೀಕ. ನಮ್ಮ ಕಥೆ ಅವನ ಊರಿನಿಂದಲೇ ಶುರುವಾಗಲಿ.

ಅದಕ್ಕೂ ಮೊದಲು ಒಂದು ಮಾತು. ರೋಮ್ ಯಾವತ್ತೂ ಯಾರ ಸೋಂಕೂ ಇಲ್ಲದ ಊರಾಗಿರಲಿಲ್ಲ. ಉತ್ತರಕ್ಕೆ ಎಟ್ರುಸ್ಕನ್ನರು, ದಕ್ಷಿಣಕ್ಕೆ ಗ್ರೀಕ್ ವಸಾಹತುಗಳು. ರೋಮನ್ನರ ಲಿಪಿ ಇಟಲಿಯ ಗ್ರೀಕರಿಂದ ಎಟ್ರುಸ್ಕನ್ನರ ಕೈದಾಟಿ ಬಂದದ್ದು. ಅಧಿಕಾರಿಗಳು ಕೂರುತ್ತಿದ್ದ ದಂತದ ಪೀಠ, ಅವರ ಮುಂದೆ ಕಟ್ಟುಕೋಲು ಹಿಡಿದು ನಡೆಯುವ ಆಳುಗಳು, ಬಲಿಪಶುವಿನ ಕರುಳು ನೋಡಿ ಶಕುನ ಹೇಳುವವರು, ಇದೆಲ್ಲ ಎಟ್ರುಸ್ಕನ್ನರ ಬಳುವಳಿ. ಹಾಗಾಗಿ ‘ಶುದ್ಧ ರೋಮ್ ಇತ್ತು, ಆಮೇಲೆ ಗ್ರೀಕರು ಬಂದು ಬದಲಾಯಿಸಿದರು’ ಅನ್ನುವುದು ಸರಿಯಲ್ಲ. ಬದಲಾದದ್ದು ಪ್ರಮಾಣ ಮತ್ತು ರೀತಿ. ಕ್ರಿ.ಪೂ. ಮೂರನೆಯ ಶತಮಾನದಿಂದ ಈ ಕಲಿಕೆ ಯುದ್ಧದ ಬೆನ್ನಿಗೇ ಬರತೊಡಗಿತು.

ಈಗ ಟಾರೆಂಟಮ್. ಇಟಲಿಯ ಪಾದದ ಹತ್ತಿರ, ಒಳ್ಳೆಯ ಬಂದರು, ಶ್ರೀಮಂತ ಗ್ರೀಕ್ ಊರು. ಕ್ರಿ.ಪೂ. 282ರಲ್ಲಿ ಈ ಊರಿನವರು ತಮ್ಮ ಕಡಲಿಗೆ ಬಂದ ರೋಮನ್ ಹಡಗುಗಳ ಮೇಲೆ ಬಿದ್ದು ಕೆಲವನ್ನು ಮುಳುಗಿಸಿದರು. ರೋಮ್ ಪರಿಹಾರ ಕೇಳಲು ದೂತರನ್ನು ಕಳಿಸಿತು. ದೂತರ ಮುಖಂಡ ಪೋಸ್ಟುಮಿಯಸ್. ಸಭೆ ಸೇರಿದ್ದು ಊರಿನ ನಾಟಕ ಮಂದಿರದಲ್ಲಿ. ಪೋಸ್ಟುಮಿಯಸ್ ಗ್ರೀಕಿನಲ್ಲೇ ಮಾತಾಡಿದ. ತಪ್ಪು ತಪ್ಪಾಗಿ ಮಾತಾಡಿದ. ಒಂದೊಂದು ತಪ್ಪಿಗೂ ಜನ ನಕ್ಕರು. ಅವನು ಉಟ್ಟಿದ್ದ ಟೋಗಾ ನೋಡಿಯೂ ನಕ್ಕರು. ಹೊರಗೆ ಹೊರಟಾಗ ಕುಡಿದ ಅಮಲಿನಲ್ಲಿದ್ದ ಒಬ್ಬ ಆ ಟೋಗಾದ ಮೇಲೆಯೇ ಹೊಲಸು ಮಾಡಿದ. ಪೋಸ್ಟುಮಿಯಸ್ ಕೊಳೆಯಾದ ಬಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಇದನ್ನು ತೊಳೆಯಲು ನಿಮ್ಮ ರಕ್ತ ಬೇಕಾದೀತು ಅಂದ.

ಗ್ರೀಕ್ ಇತಿಹಾಸಕಾರರೇ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಆಗಲೇ ಒಬ್ಬ ರೋಮನ್ ಅಧಿಕಾರಿ ಸಾವಿರಾರು ಜನರ ಮುಂದೆ ನಿಂತು, ಬಾರದಿದ್ದರೂ ಗ್ರೀಕಿನಲ್ಲಿ ಮಾತಾಡಲು ಹೊರಟಿದ್ದ. ಅವನಿಗೆ ಸಿಕ್ಕಿದ್ದು ಗೇಲಿ. ಕಲಿಯುವ ಆಸೆ ಮತ್ತು ಅವಮಾನದ ಸಿಟ್ಟು, ಎರಡೂ ರೋಮನ್ನರಲ್ಲಿ ಮುಂದಿನ ಇನ್ನೂರು ವರ್ಷ ಒಟ್ಟಿಗೇ ಇರುತ್ತವೆ.

ಟಾರೆಂಟಮ್‌ನವರು ಗ್ರೀಸಿನ ವಾಯವ್ಯಕ್ಕಿರುವ ಎಪಿರಸ್‌ನ ರಾಜ ಪಿರ್ರಸ್‌ನನ್ನು ಕರೆಸಿದರು. ಅವನು 20 ಆನೆಗಳ ಜೊತೆ ಬಂದ. ಎರಡು ಯುದ್ಧ ಗೆದ್ದ. ಗೆದ್ದರೂ ಅವನ ಪಡೆ ಕರಗಿ ಹೋಯಿತು. ಕ್ರಿ.ಪೂ. 275ರ ಹೊತ್ತಿಗೆ ವಾಪಸು ಹೊರಟ. 272ರಲ್ಲಿ ಊರು ರೋಮ್‌ಗೆ ಶರಣಾಯಿತು.

ಲಿವಿಯಸ್ ಆಂಡ್ರೊನಿಕಸ್ ಈ ಊರಿನವನು. ಗುಲಾಮನಾಗಿ ರೋಮ್‌ಗೆ ಬಂದ, ಲಿವಿಯಸ್ ಮನೆತನದ ಮಕ್ಕಳಿಗೆ ಪಾಠ ಹೇಳಿದ, ಅದಕ್ಕಾಗಿ ಬಿಡುಗಡೆ ಪಡೆದ ಅಂತ ಹಳೆಯ ಲೇಖಕರು ಹೇಳುತ್ತಾರೆ. ಆಂಡ್ರೊನಿಕಸ್ ಅವನ ಸ್ವಂತ ಹೆಸರು. ಲಿವಿಯಸ್ ಅನ್ನುವುದು ಒಡೆಯನ ಮನೆಯ ಹೆಸರು. ಬಿಡುಗಡೆಯಾದ ಗುಲಾಮರು ಒಡೆಯನ ಮನೆತನದ ಹೆಸರು ಇಟ್ಟುಕೊಳ್ಳುವುದು ಅಲ್ಲಿನ ಪದ್ಧತಿ.

ಕ್ರಿ.ಪೂ. 240ರಲ್ಲಿ, ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ವಿರುದ್ಧದ ಮೊದಲ ಯುದ್ಧ ಮುಗಿದ ಮರುವರ್ಷ, ರೋಮ್‌ನ ದೊಡ್ಡ ಉತ್ಸವದಲ್ಲಿ ಇವನು ಗ್ರೀಕ್ ನಾಟಕವೊಂದನ್ನು ಲ್ಯಾಟಿನ್‌ಗೆ ತಂದು ಆಡಿಸಿದ. ಆ ಯುದ್ಧ ನಡೆದದ್ದು ಬಹುಪಾಲು ಸಿಸಿಲಿಯಲ್ಲಿ, 23 ವರ್ಷ. ಸಿಸಿಲಿಯ ಗ್ರೀಕ್ ಊರುಗಳಲ್ಲಿ ಕಲ್ಲಿನ ನಾಟಕ ಮಂದಿರಗಳಿದ್ದವು. ಅಲ್ಲಿ ವರ್ಷಗಟ್ಟಲೆ ಇದ್ದು ಬಂದ ಸೈನಿಕರಿಗೆ ನಾಟಕದ ರುಚಿ ಹತ್ತಿರಬೇಕು ಅಂತ ನನಗನಿಸುತ್ತದೆ. ಲಿವಿಯಸ್ ಹೋಮರನ ಒಡಿಸ್ಸಿಯನ್ನೂ ಲ್ಯಾಟಿನ್‌ಗೆ ತಂದ. ಹೋಮರನ ಛಂದಸ್ಸನ್ನು ಎರವಲು ತರಲಿಲ್ಲ; ಇಟಲಿಯ ಹಳೆಯ ಸ್ಯಾಟರ್ನಿಯನ್ ಮಟ್ಟಿನಲ್ಲೇ ಬರೆದ. ಯಾರಿಗಾಗಿ ಬರೆಯುತ್ತಿದ್ದೇನೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕ್ರಿ.ಪೂ. 207. ಇಟಲಿಗೇ ನುಗ್ಗಿದ್ದ ಕಾರ್ಥೇಜಿನ ಸೇನಾಪತಿ ಹನಿಬಾಲನ ಯುದ್ಧದ ಕೆಟ್ಟ ಕಾಲ. ಅಪಶಕುನಗಳು ಕಾಣಿಸಿಕೊಂಡವು ಅಂತ ಊರಿಡೀ ಭಯ. ದೇವರನ್ನು ಶಾಂತ ಮಾಡಲು 27 ಹುಡುಗಿಯರು ಬೀದಿಯಲ್ಲಿ ಹಾಡುತ್ತಾ ಹೋಗಬೇಕು ಅಂತ ತೀರ್ಮಾನವಾಯಿತು. ಹಾಡು ಬರೆಯುವ ಕೆಲಸ ಯಾರಿಗೆ ಕೊಟ್ಟರು ಗೊತ್ತಾ? ಲಿವಿಯಸ್‌ಗೆ. ರೋಮ್‌ನ ಪರವಾಗಿ ರೋಮ್‌ನ ದೇವರ ಹತ್ತಿರ ಬೇಡಿಕೊಳ್ಳುವ ಮಾತುಗಳನ್ನು ಜೋಡಿಸಿದವನು ಟಾರೆಂಟಮ್‌ನ ಒಬ್ಬ ಮಾಜಿ ಗುಲಾಮ. ಅವನ ಗೌರವಕ್ಕಾಗಿ ಅವೆಂಟೈನ್ ಗುಡ್ಡದ ಮಿನರ್ವಾ ಗುಡಿಯಲ್ಲಿ ಬರಹಗಾರರು ಮತ್ತು ನಟರು ಸೇರಲು ಜಾಗವನ್ನೂ ಕೊಟ್ಟರು.

ಇದು ಸಾಧ್ಯವಾದದ್ದು ರೋಮ್‌ನ ಒಂದು ಪದ್ಧತಿಯಿಂದ. ರೋಮನ್ ನಾಗರಿಕ ತನ್ನ ಗುಲಾಮನನ್ನು ಕ್ರಮಬದ್ಧವಾಗಿ ಬಿಡುಗಡೆ ಮಾಡಿದರೆ, ಅವನೂ ನಾಗರಿಕನಾಗುತ್ತಿದ್ದ. ಗ್ರೀಕ್ ನಗರಗಳಲ್ಲಿ ಇದು ಸಾಮಾನ್ಯವಾಗಿ ಇರಲಿಲ್ಲ. ಹನಿಬಾಲನ ಯುದ್ಧ ನಡೆಯುತ್ತಿದ್ದಾಗಲೇ ಮ್ಯಾಸಿಡೋನಿಯಾದ ರಾಜ ಐದನೇ ಫಿಲಿಪ್ ತನ್ನ ಕೈಕೆಳಗಿನ ಲಾರಿಸಾ ಅನ್ನುವ ಊರಿಗೆ ಪತ್ರ ಬರೆದ. ಅದು ಕಲ್ಲಿನ ಮೇಲೆ ಕೆತ್ತಿದ ರೂಪದಲ್ಲಿ ಸಿಕ್ಕಿದೆ. ನಿಮ್ಮ ಊರಿಗೆ ಹೊಸಬರನ್ನು ಸೇರಿಸಿಕೊಳ್ಳಿ, ರೋಮನ್ನರನ್ನು ನೋಡಿ, ಅವರು ಬಿಡುಗಡೆ ಮಾಡಿದ ಗುಲಾಮರನ್ನೂ ನಾಗರಿಕರನ್ನಾಗಿ ಮಾಡುತ್ತಾರೆ, ಹೀಗೆ ಮಾಡಿಯೇ ಸುಮಾರು 70 ಕಡೆ ವಸಾಹತು ಕಟ್ಟಿದ್ದಾರೆ ಅಂತ ಅದರಲ್ಲಿದೆ. ರೋಮ್‌ನ ಶತ್ರುವೇ ಬರೆದದ್ದು. ರೋಮ್ ಹೇಗೆ ಬೆಳೆಯಿತು ಅನ್ನುವ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರಗಳಲ್ಲಿ ಇದೊಂದು. ಹಾಗಂತ ಇದನ್ನು ದಯೆ ಅಂದುಕೊಳ್ಳಬೇಡಿ. ಬಿಡುಗಡೆಯಾಗಬೇಕಾದರೆ ಮೊದಲು ಗುಲಾಮನಾಗಿರಬೇಕಲ್ಲ. ಗಣಿಗಳಲ್ಲಿ, ಹೊಲಗಳಲ್ಲಿ ದುಡಿದು ಸತ್ತ ಬಹುಪಾಲು ಜನರಿಗೆ ಈ ಬಾಗಿಲು ತೆರೆಯಲೇ ಇಲ್ಲ.

ಹನಿಬಾಲನ ಕಾಲದ ಇನ್ನೆರಡು ಸಂಗತಿ ಬೇಗ ಹೇಳುತ್ತೇನೆ. ಕ್ರಿ.ಪೂ. 212ರಲ್ಲಿ ರೋಮನ್ ಸೇನಾಪತಿ ಮಾರ್ಸೆಲಸ್ ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸ್ ಗೆದ್ದ. ಆರ್ಕಿಮಿಡೀಸ್ ಸತ್ತಿದ್ದು ಆಗಲೇ. ಅಲ್ಲಿನ ಶಿಲ್ಪ, ಚಿತ್ರಗಳು ರಾಶಿ ರಾಶಿಯಾಗಿ ರೋಮ್‌ಗೆ ಬಂದವು. ಗ್ರೀಕ್ ಕಲೆಯ ಮೋಹ ಶುರುವಾದದ್ದೇ ಇಲ್ಲಿಂದ ಅಂತ ಇತಿಹಾಸಕಾರ ಲಿವಿ ಹೇಳುತ್ತಾನೆ. ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರ್‌ನಿಂದ ಸಿಬೆಲೆ ಎಂಬ ಮಹಾತಾಯಿ ದೇವಿ ಬಂದಳು, ಒಂದು ಕಪ್ಪು ಕಲ್ಲಿನ ರೂಪದಲ್ಲಿ. ಕರೆತರಲು ಹೇಳಿದ್ದು ರೋಮ್‌ನಲ್ಲೇ ಇದ್ದ, ಗ್ರೀಕಿನಲ್ಲಿ ಬರೆದ ಭವಿಷ್ಯದ ಪುಸ್ತಕಗಳು. ದೇವಿಗೆ ಪ್ಯಾಲಟೈನ್ ಗುಡ್ಡದ ಮೇಲೆ ಗುಡಿ ಕಟ್ಟಿದರು. ಆದರೆ ಅವಳ ಪೂಜಾರಿಗಳು ತಮ್ಮ ಪುರುಷತ್ವವನ್ನೇ ಕತ್ತರಿಸಿಕೊಳ್ಳುವವರು. ರೋಮನ್ ನಾಗರಿಕರು ಯಾರೂ ಆ ಪೂಜಾರಿಗಳಾಗಬಾರದು ಅಂತ ನಿಯಮವಿತ್ತು. ದೇವಿ ಬೇಕು, ಪದ್ಧತಿ ಪೂರ್ತಿ ಬೇಡ. ರೋಮನ್ನರು ಏನನ್ನೇ ತಂದುಕೊಂಡರೂ ಹೀಗೆ ಎಲ್ಲೋ ಒಂದು ಗೆರೆ ಎಳೆಯುತ್ತಿದ್ದರು.

ಆ ಗೆರೆಯನ್ನು ಜೋರಾಗಿ ಎಳೆಯಲು ಹೋದವನು ಕೇಟೊ. ರೈತ, ಸೈನಿಕ, ಆಮೇಲೆ ಸೆನೇಟಿನ, ಅಂದರೆ ರೋಮ್‌ನ ಹಿರಿಯರ ಸಭೆಯ, ದೊಡ್ಡ ಧ್ವನಿ. ಗ್ರೀಕರೆಂದರೆ ಉರಿದು ಬೀಳುತ್ತಿದ್ದ. ಗ್ರೀಕ್ ವೈದ್ಯರ ಹತ್ತಿರ ಹೋಗಬೇಡ ಅಂತ ಮಗನಿಗೆ ಹೇಳಿದವನು. ಅವನ ಮನೆಯಲ್ಲಿ ಕೈಲೊನ್ ಅಂತ ಒಬ್ಬ ಗುಲಾಮ ಇದ್ದ. ಒಳ್ಳೆಯ ಮೇಷ್ಟ್ರು, ಎಷ್ಟೋ ಹುಡುಗರಿಗೆ ಪಾಠ ಹೇಳುತ್ತಿದ್ದ. ಆದರೆ ಕೇಟೊ ತನ್ನ ಮಗನನ್ನು ಅವನ ಹತ್ತಿರ ಬಿಡಲಿಲ್ಲ. ಅವನ ಜೀವನಚರಿತ್ರೆ ಬರೆದ ಗ್ರೀಕ ಪ್ಲುಟಾರ್ಕ್ ಕೊಡುವ ಕಾರಣ ಕೇಳಿ: ಕಲಿಯುವುದು ತಡವಾಯಿತು ಅಂತ ಒಬ್ಬ ಗುಲಾಮ ತನ್ನ ಮಗನನ್ನು ಬಯ್ಯುವುದಾಗಲಿ, ಕಿವಿ ಹಿಂಡುವುದಾಗಲಿ ಸರಿಯಲ್ಲ, ಓದುಬರಹದಂಥ ದೊಡ್ಡ ವಿಷಯಕ್ಕೆ ಮಗ ಒಬ್ಬ ಗುಲಾಮನ ಋಣದಲ್ಲಿ ಬೀಳಬಾರದು. ಅದಕ್ಕೆ ತಾನೇ ದಪ್ಪ ಅಕ್ಷರಗಳಲ್ಲಿ ರೋಮ್‌ನ ಇತಿಹಾಸ ಬರೆದು ಮಗನಿಗೆ ಓದಿಸಿದ.

ಕೈಲೊನ್ ಬೇರೆಯವರ ಮಕ್ಕಳಿಗೆ ಪಾಠ ಹೇಳುತ್ತಿದ್ದನಲ್ಲ, ಅಂದರೆ ರೋಮ್‌ನ ಉಳಿದ ಮನೆಗಳಲ್ಲಿ ಕೇಟೊ ಹೆದರಿದ್ದೇ ನಡೆಯುತ್ತಿತ್ತು. ಗೆದ್ದವನ ಮಗನ ಕಿವಿ ಸೋತವನ ಕೈಯಲ್ಲಿತ್ತು. ಹಗಲಿಡೀ ಅವನ ಮಾತು ಕೇಳಬೇಕು. ಆದರೆ ಅದೇ ಮೇಷ್ಟ್ರನ್ನು ಸಂಜೆ ಮನೆಯ ಯಜಮಾನ ಹೊಡೆಯಬಹುದು, ಮಾರಬಹುದು. ಕೇಟೊನ ಒರಟುತನ ನನಗೆ ಇಷ್ಟವಿಲ್ಲ. ಆದರೆ ಈ ಏರ್ಪಾಟಿನಲ್ಲಿದ್ದ ವಿಚಿತ್ರವನ್ನು ಅವನಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. ಇನ್ನೊಂದು ವಿಷಯ: ಗ್ರೀಕ್, ಆಸ್ಕನ್, ಲ್ಯಾಟಿನ್ ಮೂರೂ ಬಲ್ಲ ಎನಿಯಸ್ ಕವಿಯನ್ನು ರೋಮ್‌ಗೆ ಕರೆತಂದವನೂ ಈ ಕೇಟೊನೇ. ತನಗೆ ಮೂರು ಹೃದಯಗಳಿವೆ ಅಂತ ಎನಿಯಸ್ ಹೇಳಿಕೊಳ್ಳುತ್ತಿದ್ದ. ಹೋಮರನ ಛಂದಸ್ಸನ್ನು ಲ್ಯಾಟಿನ್‌ಗೆ ತಂದು ರೋಮ್‌ನ ಇಡೀ ಇತಿಹಾಸವನ್ನು ಕಾವ್ಯ ಮಾಡಿದವನು ಇವನು.

ಈಗ ಕಥೆಯ ನಡುಮಧ್ಯಕ್ಕೆ ಬರೋಣ. ಕ್ರಿ.ಪೂ. 168, ಪಿಡ್ನಾ ಯುದ್ಧ. ಮ್ಯಾಸಿಡೋನಿಯಾದ ಕೊನೆಯ ರಾಜ ಪರ್ಸಿಯಸ್ ಒಂದೇ ಮಧ್ಯಾಹ್ನದಲ್ಲಿ ಸೋತ. ಗೆದ್ದವನು ಎಮಿಲಿಯಸ್ ಪೌಲಸ್.

ಪೌಲಸ್ ಸಂಸ್ಕಾರವಂತ. ಮಕ್ಕಳಿಗೆ ಗ್ರೀಕ್ ವ್ಯಾಕರಣ, ತತ್ವಶಾಸ್ತ್ರ, ಭಾಷಣಕಲೆ ಕಲಿಸಲು ಮೇಷ್ಟ್ರುಗಳನ್ನಿಟ್ಟಿದ್ದ. ಶಿಲ್ಪಿಗಳು, ಚಿತ್ರಕಾರರು, ಕುದುರೆ ಪಳಗಿಸುವವರು, ಬೇಟೆ ಕಲಿಸುವವರು ಎಲ್ಲರೂ ಗ್ರೀಕರೇ. ಯುದ್ಧ ಮುಗಿದ ಮೇಲೆ ಗ್ರೀಸ್ ಸುತ್ತಿದ. ಒಲಿಂಪಿಯಾದಲ್ಲಿ ಫಿಡಿಯಾಸ್ ಮಾಡಿದ ಜ್ಯೂಸ್ ದೇವರ ಮೂರ್ತಿಯ ಮುಂದೆ ಬೆರಗಾಗಿ ನಿಂತ. ಅಥೆನ್ಸಿನವರನ್ನು ಒಬ್ಬ ತತ್ವಜ್ಞಾನಿಯನ್ನೂ ಒಬ್ಬ ಚಿತ್ರಕಾರನನ್ನೂ ಕೊಡಿ ಅಂತ ಕೇಳಿದ. ಅವರು ಎರಡೂ ಬಲ್ಲ ಮೆಟ್ರೊಡೋರಸ್ ಅನ್ನುವ ಒಬ್ಬನನ್ನೇ ಕಳಿಸಿದರು. ಪರ್ಸಿಯಸ್‌ನ ಖಜಾನೆಯಿಂದ ಪೌಲಸ್ ತನಗಾಗಿ ಏನನ್ನೂ ಮುಟ್ಟಲಿಲ್ಲ. ರಾಜನ ಪುಸ್ತಕಗಳನ್ನು ಮಾತ್ರ ತನ್ನ ಗಂಡುಮಕ್ಕಳಿಗೆ ಕೊಟ್ಟ.

ಇದೇ ಪೌಲಸ್, ಇದೇ ಪ್ರವಾಸದ ಬೆನ್ನಿಗೆ, ಕ್ರಿ.ಪೂ. 167ರಲ್ಲಿ ಎಪಿರಸ್‌ಗೆ ಬಂದ. ಸೆನೇಟಿನ ಅಪ್ಪಣೆ ಇತ್ತು, ಸೈನಿಕರಿಗೆ ಲೂಟಿ ಬಿಡಬೇಕು ಅಂತ. ಊರುಗಳವರಿಗೆ ನಿಮ್ಮ ಬೆಳ್ಳಿ ಬಂಗಾರ ತಂದೊಪ್ಪಿಸಿ ಅಂತ ಹೇಳಿ ಪ್ರತಿ ಊರಿಗೂ ಸೈನಿಕರನ್ನು ಕಳಿಸಿದ. ಗೊತ್ತು ಮಾಡಿದ ದಿನ, ಗೊತ್ತು ಮಾಡಿದ ಹೊತ್ತಿಗೆ ಎಲ್ಲಾ ಕಡೆ ಒಟ್ಟಿಗೇ ದಾಳಿ. 70 ಊರುಗಳು ಲೂಟಿಯಾದವು. 1,50,000 ಜನ ಗುಲಾಮರಾದರು. ಅಷ್ಟೆಲ್ಲ ಮಾಡಿ ಒಬ್ಬೊಬ್ಬ ಸೈನಿಕನ ಪಾಲಿಗೆ ಬಂದದ್ದು 11 ದ್ರಾಕ್ಮಾ ಮಾತ್ರ ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಒಂದು ಇಡೀ ಜನಾಂಗವನ್ನು ಚಿಲ್ಲರೆ ಮಾಡಿ ಹಂಚಿದರೆ ಇಷ್ಟೇ ಆಗುವುದೇ ಅಂತ ಎಲ್ಲರೂ ನಡುಗಿದರಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಪಠ್ಯಪುಸ್ತಕಗಳಲ್ಲಿ ಇವೆರಡು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ‘ರೋಮ್ ವಿಸ್ತರಣೆ’ ಒಂದರಲ್ಲಿ, ‘ಗ್ರೀಕ್ ಪ್ರಭಾವ’ ಇನ್ನೊಂದರಲ್ಲಿ. ಆದರೆ ಜ್ಯೂಸ್ ಮೂರ್ತಿ ನೋಡಿ ಬೆರಗಾದವನೂ 70 ಊರುಗಳಿಗೆ ಒಂದೇ ಹೊತ್ತು ಗೊತ್ತು ಮಾಡಿದವನೂ ಒಬ್ಬನೇ. ಅವನಿಗೆ ಇವೆರಡರ ನಡುವೆ ವಿರೋಧ ಕಾಣಲಿಲ್ಲ. ನಮಗೆ ಕಾಣಬೇಕು.

ರೋಮ್‌ನಲ್ಲಿ ಪೌಲಸ್‌ನ ವಿಜಯೋತ್ಸವ ಮೂರು ದಿನ ನಡೆಯಿತು. ಮೊದಲ ದಿನ ಮೂರ್ತಿಗಳು, ಚಿತ್ರಗಳು ತುಂಬಿದ 250 ಗಾಡಿಗಳು. ಮೂರನೇ ದಿನ ಪರ್ಸಿಯಸ್, ಅವನ ಮುಂದೆ ಅವನ ಚಿಕ್ಕ ಮಕ್ಕಳು. ಏನಾಗುತ್ತಿದೆ ಅಂತ ಆ ಮಕ್ಕಳಿಗೆ ಅರ್ಥವೂ ಆಗುತ್ತಿರಲಿಲ್ಲ. ಅವರಲ್ಲಿ ಒಬ್ಬನ ಹೆಸರು ಅಲೆಕ್ಸಾಂಡರ್. ಅವನು ಮುಂದೆ ಲೋಹದ ಸೂಕ್ಷ್ಮ ಕುಸುರಿ ಕೆಲಸ ಕಲಿತ. ಲ್ಯಾಟಿನ್ ಓದುಬರಹ ಕಲಿತು ರೋಮನ್ ಅಧಿಕಾರಿಗಳ ಹತ್ತಿರ ಗುಮಾಸ್ತನಾದ. ಮ್ಯಾಸಿಡೋನಿಯಾದ ಸಿಂಹಾಸನಕ್ಕೆ ಹುಟ್ಟಿದ ಹುಡುಗ, ಮಹಾನ್ ಅಲೆಕ್ಸಾಂಡರನ ಹೆಸರು ಹೊತ್ತವನು, ಲೆಕ್ಕಪತ್ರ ಬರೆಯುತ್ತಾ ಬದುಕಿದ. ಒಳ್ಳೆಯ ಕೆಲಸಗಾರ ಅಂತ ಹೆಸರೂ ತಗೊಂಡ.

ಅದೇ ವರ್ಷ ಗ್ರೀಸಿನ ಅಕಿಯನ್ ಒಕ್ಕೂಟದಿಂದ 1,000 ಗಣ್ಯರನ್ನು ರೋಮ್‌ಗೆ ಸಾಗಿಸಿದರು. ವಿಚಾರಣೆ ಅಂತ ಹೆಸರು. ವಿಚಾರಣೆ ನಡೆಯಲೇ ಇಲ್ಲ. ಅವರಲ್ಲೊಬ್ಬ ಮೆಗಲೊಪೊಲಿಸ್‌ನ ಪಾಲಿಬಿಯಸ್, ಒಕ್ಕೂಟದ ಕುದುರೆ ಪಡೆಯ ನಾಯಕನಾಗಿದ್ದವನು. ಉಳಿದವರನ್ನು ಇಟಲಿಯ ಸಣ್ಣ ಊರುಗಳಿಗೆ ಹಂಚಿದರು. ಪೌಲಸ್‌ನ ಮಕ್ಕಳಿಬ್ಬರು ಕೇಳಿಕೊಂಡದ್ದರಿಂದ ಪಾಲಿಬಿಯಸ್ ರೋಮ್‌ನಲ್ಲೇ ಉಳಿದ. ಪರಿಚಯ ಶುರುವಾದದ್ದು ಪುಸ್ತಕಗಳನ್ನು ಎರವಲು ಕೊಟ್ಟು, ಅವುಗಳ ಬಗ್ಗೆ ಮಾತಾಡಿ ಅಂತ ಅವನೇ ಬರೆದಿದ್ದಾನೆ.

ಅವನು ಬರೆದಿಟ್ಟ ಒಂದು ದಿನದ ಪ್ರಸಂಗವಿದೆ. ಮೂವರೂ ಮನೆಯಿಂದ ಒಟ್ಟಿಗೆ ಹೊರಬಿದ್ದರು. ಅಣ್ಣ ಫೇಬಿಯಸ್ ಊರ ನಡುವಿನ ಚೌಕ ಫೋರಮ್ ಕಡೆ ಹೋದ. ತಮ್ಮ ಸಿಪಿಯೊ ಎಮಿಲಿಯಾನಸ್, 18 ವರ್ಷದ ಹುಡುಗ, ಪಾಲಿಬಿಯಸ್ ಜೊತೆ ಇನ್ನೊಂದು ದಾರಿ ಹಿಡಿದ. ಸ್ವಲ್ಪ ದೂರ ಹೋದ ಮೇಲೆ ಹುಡುಗ ಮುಖ ಕೆಂಪು ಮಾಡಿಕೊಂಡು ಮೆಲ್ಲಗೆ ಕೇಳಿದ. ‘ನೀವು ಯಾವಾಗಲೂ ಅಣ್ಣನ ಜೊತೆಗೇ ಯಾಕೆ ಮಾತಾಡುತ್ತೀರಿ? ಏನು ಕೇಳಿದರೂ ಅವನನ್ನೇ ಕೇಳುತ್ತೀರಿ, ನನ್ನನ್ನು ಬಿಟ್ಟೇ ಬಿಡುತ್ತೀರಿ. ಊರಿನವರ ಹಾಗೆ ನಿಮಗೂ ನಾನು ಮಂದ, ಸೋಮಾರಿ ಅಂತ ಅನಿಸುತ್ತದಾ? ನಾನು ನ್ಯಾಯಾಲಯಗಳಲ್ಲಿ ವಾದ ಮಾಡುವುದಿಲ್ಲ, ಅದಕ್ಕೆ ಇವನು ರೋಮನ್ನನ ಹಾಗಿಲ್ಲ ಅಂತಾರೆ.’

ಪಾಲಿಬಿಯಸ್‌ಗೆ ಗಾಬರಿಯಾಯಿತು. ‘ಹಾಗೆಲ್ಲ ಅಂದುಕೊಳ್ಳಬೇಡ. ಅವನು ದೊಡ್ಡವನು ಅಂತ ಅವನ ಜೊತೆ ಮಾತಾಡುತ್ತೇನೆ, ಅಷ್ಟೇ’ ಅಂದ. ಆಮೇಲೆ ಹೇಳಿದ್ದರ ಸಾರ ಇದು: ಓದು ವಿದ್ಯೆ ಕಲಿಸಲು ನಿಮಗೆ ಜನಕ್ಕೇನೂ ಕೊರತೆಯಿಲ್ಲ, ಗ್ರೀಸಿನಿಂದ ಹಿಂಡು ಹಿಂಡಾಗಿ ಬರುತ್ತಿದ್ದಾರೆ. ಆದರೆ ನಿನ್ನ ಹಿರಿಯರಿಗೆ ತಕ್ಕವನಾಗಿ ಮಾತಾಡುವುದು, ನಡೆದುಕೊಳ್ಳುವುದು ಇದೆಯಲ್ಲ, ಅದಕ್ಕೆ ನನಗಿಂತ ಒಳ್ಳೆಯ ಜೊತೆಗಾರ ನಿನಗೆ ಸಿಗುವುದಿಲ್ಲ. ಹುಡುಗ ಎರಡೂ ಕೈಗಳಿಂದ ಅವನ ಬಲಗೈಯನ್ನು ಹಿಡಿದುಕೊಂಡ.

ನನಗೆ ತುಂಬಾ ಇಷ್ಟವಾದ ಭಾಗ ಇದು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ನೋಡಿ. ಒಬ್ಬ ಒತ್ತೆಯಾಳು, ಗ್ರೀಕ, ಒಬ್ಬ ರೋಮನ್ ಹುಡುಗನಿಗೆ ‘ಒಳ್ಳೆಯ ರೋಮನ್ ಆಗುವುದು ಹೇಗೆ ಅಂತ ನಾನು ಕಲಿಸುತ್ತೇನೆ’ ಅನ್ನುತ್ತಿದ್ದಾನೆ. ಗ್ರೀಕ್ ಕಾವ್ಯ, ಗ್ರೀಕ್ ವ್ಯಾಕರಣ ಬೇರೆಯವರು ಕಲಿಸಲಿ ಅಂತ ಪಕ್ಕಕ್ಕಿಟ್ಟ. ಪಾಲಿಬಿಯಸ್ ಅಲ್ಲಿ ಕೂತು ರೋಮನ್ನರನ್ನು ಅಷ್ಟು ಹತ್ತಿರದಿಂದ ನೋಡಿದ್ದ. 53 ವರ್ಷವೂ ತುಂಬದ ಅವಧಿಯಲ್ಲಿ ಇವರು ಹೆಚ್ಚುಕಡಿಮೆ ಇಡೀ ಲೋಕವನ್ನು ಗೆದ್ದದ್ದು ಹೇಗೆ ಅನ್ನುವ ಪ್ರಶ್ನೆ ಇಟ್ಟುಕೊಂಡು 40 ಸಂಪುಟಗಳ ಇತಿಹಾಸ ಬರೆದ. ರೋಮ್‌ನ ಆಡಳಿತ, ಸೈನ್ಯದ ಶಿಬಿರ, ಗಣ್ಯರ ಸಾವಿನ ಮೆರವಣಿಗೆ ಇವುಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅವನಿಂದ ಬಂದದ್ದು. ರೋಮನ್ನರಿಗೂ ತಾವು ಯಾರು ಅಂತ ಬಿಡಿಸಿ ಹೇಳಿದವನು ಒಬ್ಬ ಪರದೇಶಿ.

ಪೌಲಸ್ ಕ್ರಿ.ಪೂ. 160ರಲ್ಲಿ ತೀರಿಕೊಂಡ. ಅವನ ನೆನಪಿಗೆ ಮಕ್ಕಳು ನಡೆಸಿದ ಆಟಗಳಲ್ಲಿ ಟೆರೆನ್ಸ್ ಬರೆದ ‘ಸಹೋದರರು’ ನಾಟಕ ಆಡಿದರು. ಟೆರೆನ್ಸ್ ಯಾರು? ಆಫ್ರಿಕಾದಲ್ಲಿ ಹುಟ್ಟಿ, ರೋಮ್‌ನಲ್ಲಿ ಒಬ್ಬ ಸೆನೇಟರ್ ಮನೆಯ ಗುಲಾಮನಾಗಿ ಬೆಳೆದು, ಬಿಡುಗಡೆ ಪಡೆದವನು. ನಾಟಕದ ಮೂಲ ಅಥೆನ್ಸಿನ ಮೆನಾಂಡರನದ್ದು. ಆಫ್ರಿಕಾದವನು ಗ್ರೀಕ್ ನಾಟಕವನ್ನು ಲ್ಯಾಟಿನ್‌ನಲ್ಲಿ ಬರೆದ, ಎಪಿರಸ್ ಲೂಟಿ ಮಾಡಿಸಿದವನ ಸಾವಿನ ಆಟಗಳಲ್ಲಿ ಅದನ್ನು ಆಡಿದರು. ಅಲ್ಲೇ ಅವನ ಇನ್ನೊಂದು ನಾಟಕವೂ ಶುರುವಾಗಿತ್ತು. ಅರ್ಧದಲ್ಲಿ ಕತ್ತಿಯಾಳುಗಳ ಕಾಳಗ ಇದೆ ಅಂತ ಸುದ್ದಿ ಹಬ್ಬಿತು. ಜನ ನುಗ್ಗಿ ಬಂದು ಜಾಗಕ್ಕೆ ಬಡಿದಾಡಿಕೊಂಡರು. ನಾಟಕ ನಿಂತೇ ಹೋಯಿತು.

ನಾಟಕದ ಮಾತು ಬಂತಲ್ಲ, ನಮ್ಮ ಕಡೆಯ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ರೋಮ್ ಆಳುತ್ತಿದ್ದ ಈಜಿಪ್ಟಿನಲ್ಲಿ, ಆಕ್ಸಿರಿಂಕಸ್ ಅನ್ನುವ ಊರಿನ ಕಸದ ದಿಬ್ಬಗಳಲ್ಲಿ, ಗ್ರೀಕ್ ಪ್ರಹಸನವೊಂದರ ಹಾಳೆಗಳು ಸಿಕ್ಕಿದವು. ಅದು 1903ರಲ್ಲಿ ಪ್ರಕಟವಾಯಿತು. ಕಥಾನಾಯಕಿ ಕರಿಷನ್, ಭಾರತದ ಕಡಲ ತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣು. ಅವಳ ಅಣ್ಣ ಹಡಗಿನಲ್ಲಿ ಬಂದು, ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಭಾರತದ ಪಾತ್ರಗಳು ಆಡುವ ಮಾತು ಗ್ರೀಕ್ ಅಲ್ಲ. ಅದರಲ್ಲಿ ಕನ್ನಡ ಇದೆ ಅಂತ ಹುಲ್ಟ್ಸ್, ನಮ್ಮ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಇವರೆಲ್ಲ ವಾದಿಸಿದರು. ಬಾರ್ನೆಟ್ ಥರದ ವಿದ್ವಾಂಸರು ಒಪ್ಪಲಿಲ್ಲ. ಚರ್ಚೆ ತೀರ್ಮಾನವಾಗಿಲ್ಲ, ಅಭಿಮಾನಕ್ಕಾಗಿ ನಾವು ತೀರ್ಮಾನ ಮಾಡುವುದೂ ಬೇಡ. ವ್ಯಾಪಾರವಂತೂ ಇತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೇ ಸಿಕ್ಕಿವೆಯಲ್ಲ.

ಇರಲಿ. ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ ಅನ್ನುವುದಕ್ಕೂ ಒಬ್ಬ ಒತ್ತೆಯಾಳೇ ಸಾಕ್ಷಿ. ಸಿರಿಯಾದ ರಾಜಕುಮಾರ ನಾಲ್ಕನೇ ಆಂಟಿಯೋಕಸ್ ವರ್ಷಗಟ್ಟಲೆ ರೋಮ್‌ನಲ್ಲಿ ಒತ್ತೆಯಾಳಾಗಿದ್ದ. ಮುಂದೆ ರಾಜನಾದಾಗ ತನ್ನ ರಾಜಧಾನಿ ಆಂಟಿಯೋಕ್‌ನ ಪೇಟೆಯಲ್ಲಿ ಟೋಗಾ ಉಟ್ಟುಕೊಂಡು, ರೋಮ್‌ನ ಚುನಾವಣೆಯಲ್ಲಿ ಮಾಡುವ ಹಾಗೆ, ಜನರ ಕೈ ಹಿಡಿದು ಓಟು ಕೇಳುತ್ತಿದ್ದನಂತೆ! ಕತ್ತಿಯಾಳುಗಳ ಕಾಳಗವನ್ನೂ ಅಲ್ಲಿಗೆ ತಂದ. ಮೊದಮೊದಲು ಜನ ನೋಡಲಾರದೆ ಬೆಚ್ಚಿದರು. ಬರಬರುತ್ತಾ ಒಗ್ಗಿಕೊಂಡರು ಅಂತ ಲಿವಿ ಹೇಳುತ್ತಾನೆ. ಒಬ್ಬರಿಂದ ಒಬ್ಬರು ಕಲಿಯುವುದೆಲ್ಲ ಒಳ್ಳೆಯದೇ ಆಗಿರಬೇಕಾಗಿಲ್ಲ.

ಒತ್ತೆಯಾಳಾಗಿ ಬಂದ ಆ 1,000 ಅಕಿಯನ್ನರ ಕಥೆ ಏನಾಯಿತು? 17ನೇ ವರ್ಷ, ಕ್ರಿ.ಪೂ. 150ರಲ್ಲಿ, ಅವರನ್ನು ಮನೆಗೆ ಕಳಿಸಬೇಕೇ ಬೇಡವೇ ಅಂತ ಸೆನೇಟಿನಲ್ಲಿ ದಿನವಿಡೀ ಚರ್ಚೆ. ಉಳಿದವರು 300ರಷ್ಟು ಮುದುಕರು. ಕೊನೆಗೆ ಕೇಟೊ ಎದ್ದ. ನಮಗೆ ಬೇರೆ ಕೆಲಸವಿಲ್ಲವೇ, ಈ ಗ್ರೀಕ್ ಮುದುಕರ ಹೆಣವನ್ನು ನಮ್ಮವರು ಹೊರಬೇಕೋ ಅವರ ಊರಿನವರು ಹೊರಬೇಕೋ ಅಂತ ಇಡೀ ದಿನ ಕೂತಿದ್ದೇವಲ್ಲ ಅಂದ. ಬಿಡುಗಡೆ ಸಿಕ್ಕಿತು. ತಮಗೆ ಊರಿನಲ್ಲಿದ್ದ ಹಳೆಯ ಪದವಿಗಳನ್ನೂ ವಾಪಸು ಕೊಡಿಸಿ ಅಂತ ಪಾಲಿಬಿಯಸ್ ಕೇಳಲು ಹೋದಾಗ ಕೇಟೊ ನಕ್ಕು, ರಾಕ್ಷಸನ ಗುಹೆಯಿಂದ ತಪ್ಪಿಸಿಕೊಂಡ ಒಡಿಸ್ಯೂಸ್ ಟೋಪಿ, ಸೊಂಟಪಟ್ಟಿ ಮರೆತೆ ಅಂತ ಮತ್ತೆ ಒಳಗೆ ಹೋಗುತ್ತಿದ್ದಾನೆ ಅಂದನಂತೆ. ಗ್ರೀಕರನ್ನು ಅಷ್ಟು ದ್ವೇಷಿಸಿದವನ ಬಾಯಲ್ಲಿ ಹೋಮರ್ ಎಷ್ಟು ಸಲೀಸಾಗಿ ಬರುತ್ತಾನೆ ನೋಡಿ.

ಕ್ರಿ.ಪೂ. 146ರಲ್ಲಿ ಎರಡು ಮಹಾನಗರಗಳು ನಾಶವಾದವು. ಕಾರ್ಥೇಜನ್ನು ಸುಟ್ಟವನು ಆ ನಾಚಿಕೆಯ ಹುಡುಗನೇ, ಸಿಪಿಯೊ. ಈಗ ಸೇನಾಪತಿ. ಪಕ್ಕದಲ್ಲಿ ಪಾಲಿಬಿಯಸ್. ಊರು ಉರಿಯುವಾಗ ಸಿಪಿಯೊ ಅತ್ತ, ಟ್ರಾಯ್ ನಗರ ಅಳಿಯುವ ದಿನ ಬರುತ್ತದೆ ಅನ್ನುವ ಹೋಮರನ ಸಾಲು ಹೇಳಿದ. ಹೀಗ್ಯಾಕೆ ಅಂದೆ ಅಂತ ಪಾಲಿಬಿಯಸ್ ಕೇಳಿದಾಗ, ನನ್ನ ಊರಿಗೂ ಇದೇ ಗತಿ ಬರಬಹುದು ಅಂತ ಭಯ ಅಂದ. ಕಣ್ಣೀರು ನಿಜವೇ ಇರಬೇಕು. ಬದುಕುಳಿದ ಸುಮಾರು 50,000 ಜನ ಗುಲಾಮರಾಗಿ ಮಾರಾಟವಾದದ್ದೂ ನಿಜ.

ಕಾರ್ಥೇಜಿನ ಪುಸ್ತಕ ಭಂಡಾರಗಳನ್ನು ರೋಮ್ ಆಫ್ರಿಕಾದ ಸಣ್ಣ ರಾಜರಿಗೆ ಹಂಚಿಬಿಟ್ಟಿತು. ಒಂದನ್ನು ಮಾತ್ರ ಉಳಿಸಿಕೊಂಡಿತು. ಮಾಗೊ ಅನ್ನುವವನು ಕಾರ್ಥೇಜಿನವರ ಪ್ಯೂನಿಕ್ ಭಾಷೆಯಲ್ಲಿ ಬರೆದ ಬೇಸಾಯದ ಗ್ರಂಥ, 28 ಸಂಪುಟ. ಸೆನೇಟೇ ಸಮಿತಿ ಮಾಡಿ ಲ್ಯಾಟಿನ್‌ಗೆ ಅನುವಾದ ಮಾಡಿಸಿತು. ಹೊಲ ಕೊಂಡವನು ಪೇಟೆಯ ಮನೆ ಮಾರಬೇಕು ಅನ್ನುವ ಮಾತಿನಿಂದ ಅದು ಶುರುವಾಗುತ್ತದೆ. ಕಾವ್ಯ, ಇತಿಹಾಸ, ದೇವರ ಕಥೆಗಳು ಬೇಡವಾದವು, ದ್ರಾಕ್ಷಿ, ಆಲಿವ್ ಬೆಳೆಯುವ ವಿದ್ಯೆ ಬೇಕಾಯಿತು. ಗ್ರೀಕರ ವಿಷಯದಲ್ಲಿ ಹೀಗಾಗಲಿಲ್ಲ. ಹಾಗಾಗಿ ಇವತ್ತು ಹೋಮರ್ ನಮ್ಮ ಕೈಗೆ ಸಿಗುತ್ತಾನೆ, ಕಾರ್ಥೇಜಿನ ಒಬ್ಬ ಕವಿಯೂ ಸಿಗುವುದಿಲ್ಲ. ಗೆದ್ದವರು ಯಾರಿಂದ ಏನು ಕಲಿಯಲು ಮನಸ್ಸು ಮಾಡುತ್ತಾರೆ ಅನ್ನುವುದರ ಮೇಲೆ ಎಷ್ಟೆಲ್ಲ ನಿಂತಿರುತ್ತದೆ ಅಲ್ವಾ?

ಅದೇ ವರ್ಷ ಗ್ರೀಸಿನ ಕೊರಿಂತ್ ಕೂಡ ರೋಮನ್ನರ ಕೈಯಲ್ಲಿ ಹಾಳಾಗಿ ಹೋಯಿತು. ಪಾಲಿಬಿಯಸ್ ಅಲ್ಲಿಗೆ ಓಡಿದ. ಪ್ರಸಿದ್ಧ ಚಿತ್ರಗಳನ್ನು ನೆಲಕ್ಕೆ ಹಾಸಿ ಅವುಗಳ ಮೇಲೆ ಸೈನಿಕರು ಪಗಡೆ ಆಡುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದ. ಆಮೇಲೆ ಅವನು ಗ್ರೀಕ್ ಊರುಗಳನ್ನು ಸುತ್ತುತ್ತಾ, ಹೊಸ ಏರ್ಪಾಟಿನಲ್ಲಿ ಜಗಳಗಳನ್ನು ಬಗೆಹರಿಸುತ್ತಾ, ರೋಮನ್ ಅಧಿಕಾರಿಗಳ ಜೊತೆ ಮಾತಾಡಿ ಆದಷ್ಟನ್ನು ಉಳಿಸಿದ. ಊರೂರಲ್ಲಿ ಅವನ ಮೂರ್ತಿ ನಿಲ್ಲಿಸಿದರು. ರೋಮನ್ನರ ಕೋಪವನ್ನು ತಡೆದವನು ಅಂತ ಮೆಗಲೊಪೊಲಿಸ್‌ನ ಮೂರ್ತಿಯ ಕೆಳಗೆ ಬರೆದಿತ್ತು. ಅವನನ್ನು ರೋಮ್‌ನ ಪಕ್ಷಪಾತಿ ಅನ್ನುವವರಿದ್ದಾರೆ. ಸೋತ ಜನಕ್ಕೆ ಗೆದ್ದವರ ಮನಸ್ಸು ಬಲ್ಲ ಒಬ್ಬ ಮನುಷ್ಯ ಎಷ್ಟು ಬೇಕಾಗುತ್ತಾನೆ ಅಂತ ಯೋಚಿಸಿದರೆ ನನಗೆ ಹಾಗನ್ನಲು ಬಾಯಿ ಬರುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಗಣರಾಜ್ಯ ಹೋಗಿ ಚಕ್ರವರ್ತಿಗಳು ಬಂದ ಮೇಲೆ, ಗ್ರೀಸ್ ಶಾಂತವಾದ ಮೇಲೆ, ಇದೆಲ್ಲ ನಿಂತಿತಾ?

ನಿಲ್ಲಲಿಲ್ಲ. ರೂಪ ಬದಲಾಯಿತು. ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಆಡಳಿತವೇ ಬಹುಪಾಲು ಗ್ರೀಕಿನಲ್ಲಿ ನಡೆಯಿತು. ಪೆರ್ಗಮಮ್‌ನ ಗೇಲನ್ ಥರದ ವೈದ್ಯರು ತಾವಾಗಿಯೇ ರೋಮ್‌ಗೆ ಬಂದು ದೊಡ್ಡ ಹೆಸರು ಮಾಡಿದರು. ಆದರೆ ಹಳೆಯ ದಾರಿಯೂ ಮುಚ್ಚಿರಲಿಲ್ಲ. ಕ್ರಿ.ಶ. ಒಂದನೇ ಶತಮಾನದಲ್ಲಿ, ಇವತ್ತಿನ ಟರ್ಕಿಯಲ್ಲಿರುವ ಹೈರಾಪೊಲಿಸ್‌ನಿಂದ ಎಪಿಕ್ಟೆಟಸ್ ಗುಲಾಮನಾಗಿ ರೋಮ್‌ಗೆ ಬಂದ. ಅವನ ಒಡೆಯ ನೀರೋ ಚಕ್ರವರ್ತಿಯ ಆಸ್ಥಾನದವನು, ತಾನೂ ಮಾಜಿ ಗುಲಾಮ. ಎಪಿಕ್ಟೆಟಸ್ ಅಲ್ಲೇ ಸ್ಟೋಯಿಕ್ ತತ್ವಶಾಸ್ತ್ರ ಓದಿದ, ಬಿಡುಗಡೆ ಪಡೆದ. ಡೊಮಿಷಿಯನ್ ಚಕ್ರವರ್ತಿ ತತ್ವಜ್ಞಾನಿಗಳನ್ನು ಹೊರಗಟ್ಟಿದಾಗ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ನಿಕೊಪೊಲಿಸ್ ಇರುವುದು ಎಪಿರಸ್‌ನಲ್ಲಿ, ಪೌಲಸ್‌ನ ಸೈನಿಕರು 70 ಊರುಗಳನ್ನು ಬರಿದು ಮಾಡಿದ ಅದೇ ಸೀಮೆಯಲ್ಲಿ. ಅಲ್ಲಿಗೆ ರೋಮನ್ ಗಣ್ಯರ ಮಕ್ಕಳು ಕಡಲು ದಾಟಿ ಪಾಠಕ್ಕೆ ಬರುತ್ತಿದ್ದರು. ಅವನು ಏನನ್ನೂ ಬರೆಯಲಿಲ್ಲ, ಅರಿಯನ್ ಎಂಬ ಶಿಷ್ಯ ಪಾಠಗಳನ್ನು ಬರೆದಿಟ್ಟ.

ಆ ಬರಹ ಮುಂದೆ ಮಾರ್ಕಸ್ ಅರೀಲಿಯಸ್‌ಗೆ ಸಿಕ್ಕಿತು. ಅವನು ಚಕ್ರವರ್ತಿಯಾಗಿ ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಯುದ್ಧ ಮಾಡುತ್ತಾ, ತನಗಾಗಿ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಿದ್ದ, ಗ್ರೀಕಿನಲ್ಲಿ. ಮೊದಲ ಭಾಗದಲ್ಲಿ ತಾನು ಯಾರ್ಯಾರಿಂದ ಏನೇನು ಕಲಿತೆ ಅಂತ ಒಬ್ಬೊಬ್ಬರನ್ನೇ ನೆನೆಯುತ್ತಾನೆ. ಮೇಷ್ಟ್ರು ರಸ್ಟಿಕಸ್ ಹೆಸರು ಬಂದಾಗ, ತನ್ನ ಮನೆಯಿಂದ ಎಪಿಕ್ಟೆಟಸ್‌ನ ಪಾಠಗಳ ಪ್ರತಿಯನ್ನು ತಂದುಕೊಟ್ಟದ್ದಕ್ಕೆ ಅವನಿಗೆ ಋಣಿ ಅಂತ ಬರೆದಿದ್ದಾನೆ.